ಮನೆ ಕೇಳಿ ಮಣೆ ಹಾಕುವವರು

(ಮಳೆಗಾಲದ ಒಂದು ಭಾನುವಾರ ದಕ್ಷಿಣ ಕೊಡಗಿನ ಗೋಣಿಕೊಪ್ಪಲಿನಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಶೀಟಿನ ಮೇಲೆ ಮಳೆ ಹೊಡೆಯುತ್ತಿತ್ತು. ಹಿಂದಿನ ಸಾಲಿನವರಿಗೆ ಅರ್ಧವೂ ಕೇಳಿಸಿರಲಿಕ್ಕಿಲ್ಲ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಈ ಹಾಲ್‌ನ ಬಾಗಿಲಲ್ಲಿ ಕೊಡೆ ಮಡಚುತ್ತಿದ್ದಾಗ ಹಿರಿಯರೊಬ್ಬರು ಕೇಳಿದರು, "ನಿಮ್ಮದು ಯಾವ ಮನೆ?"

ಕೊಡಗಿನಲ್ಲಿ ಇದು ಮೊದಲ ಪ್ರಶ್ನೆ. ಹೆಸರು ಆಮೇಲೆ. ಕೊಡವರಲ್ಲಿ ಮನೆ ಹೆಸರು ಮುಂದೆ, ಸ್ವಂತ ಹೆಸರು ಹಿಂದೆ. ಅರೆಭಾಷೆ ಗೌಡರಲ್ಲೂ ಮನೆ ಹೆಸರಿಗೆ ಅಷ್ಟೇ ತೂಕ. ನಾನು ಶನಿವಾರಸಂತೆ ಕಡೆಯವನು, ನಮ್ಮಲ್ಲಿ ಅಂಥ ಮನೆ ಹೆಸರಿಲ್ಲ. ಊರಿನ ಹೆಸರು ಹೇಳಿದೆ. "ಓ, ಆ ಕಡೆಯವರಾ" ಎಂದರು. ಆ 'ಓ' ಒಳಗೆ ಏನೇನಿತ್ತು ಎಂದು ಇಬ್ಬರಿಗೂ ಗೊತ್ತು. ಹಾಸನದ ಕಡೆ ಮುಖ ಮಾಡಿದವರು. ಶುಂಠಿ ಹಾಕುವವರು. ಹಾಕಿ ಗೊತ್ತಿಲ್ಲದವರು.

ಅವರ ಮೇಲೆ ದೂರು ಹೇಳುತ್ತಿಲ್ಲ. ಅವರೇ ಒಳಗೆ ಕರೆದುಕೊಂಡು ಹೋಗಿ ಬಿಸಿ ಕಾಫಿ ಕೊಡಿಸಿದರು. ಮುಖ ನೋಡಿ ಮಣೆ ಹಾಕುವುದು ಅಂತ ಒಂದು ಮಾತಿದೆಯಲ್ಲ, ನಾವಿಲ್ಲಿ ಮನೆ ಕೇಳಿ ಮಣೆ ಹಾಕುತ್ತೇವೆ. ನಾನೂ ಹಾಕಿದ್ದೇನೆ, ದಕ್ಷಿಣ ಕೊಡಗಿನ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರಾಗಿ ಇಪ್ಪತ್ತೊಂಬತ್ತು ವರ್ಷ. ಅದರ ಲೆಕ್ಕ ಒಪ್ಪಿಸುವುದಕ್ಕೇ ಇವತ್ತು ನಿಂತಿದ್ದೇನೆ.

ನಿವೃತ್ತಿಯಾದ ಮೇಲಿನ ಮೊದಲ ಮಳೆಗಾಲ. ಮಾಡಲು ಕೆಲಸವಿಲ್ಲದೆ ಅಟ್ಟದ ಪೆಟ್ಟಿಗೆ ಇಳಿಸಿದೆ. ಬೂಷ್ಟು ಹಿಡಿದ ನೋಟ್‌ಬುಕ್‌ಗಳು ಸಿಕ್ಕವು. ಪ್ರತಿ ವರ್ಷ ಶಾಲೆಯ ಹಾಕಿ ತಂಡಕ್ಕೆ ಸೆಲೆಕ್ಷನ್ ಮಾಡುವಾಗ ಒಬ್ಬೊಬ್ಬ ಹುಡುಗನ ಮುಂದೆ ಒಂದೊಂದು ಸಾಲು ಬರೆಯುತ್ತಿದ್ದೆ. ಇಷ್ಟು ವರ್ಷದ ಮೇಲೆ ಓದಿದಾಗ ಬೇರೆ ಯಾರೋ ಬರೆದಂತೆ ಕಾಣುತ್ತದೆ ನೋಡಿ, ಅದು ಒಳ್ಳೆಯದೇ ಆಯಿತು. ಹತ್ತು ಪುಟ ಓದುವಷ್ಟರಲ್ಲಿ ಏನೋ ಕಚಗುಳಿ. ಇಪ್ಪತ್ತು ಪುಟಕ್ಕೆ ನಾಚಿಕೆ.

ನನಗೆ ಗೊತ್ತಿರುವ ಮನೆಗಳ ಹುಡುಗರ ಮುಂದೆ ಹೀಗಿತ್ತು: 'ಆಟ ಓದುತ್ತಾನೆ.' 'ತಲೆ ಉಪಯೋಗಿಸುತ್ತಾನೆ.' 'ಕ್ಯಾಪ್ಟನ್ ಆಗಬಲ್ಲ.' ತೋಟದ ಕೂಲಿಯವರ ಲೈನ್ ಮನೆಗಳಿಂದ, ಆದಿವಾಸಿಗಳ ಹಾಡಿಗಳಿಂದ ಬಂದವರ ಮುಂದೆ: 'ಒಳ್ಳೆ ಓಟ.' 'ದಮ್ ಇದೆ.' 'ಗಟ್ಟಿಮುಟ್ಟು.' ಎಲ್ಲವೂ ಹೊಗಳಿಕೆಯೇ. ಒಂದೇ ಒಂದು ಕೆಟ್ಟ ಮಾತಿಲ್ಲ. ಅದಕ್ಕೇ ಇಷ್ಟು ವರ್ಷ ಕಣ್ಣಿಗೆ ಬೀಳಲಿಲ್ಲ. ಕೆಲವರಿಗೆ ತಲೆ ಕೊಟ್ಟೆ, ಕೆಲವರಿಗೆ ಕಾಲು ಕೊಟ್ಟೆ. ಯಾರಿಗೆ ಯಾವುದು ಎಂದು ಅವರು ಸ್ಟಿಕ್ ಹಿಡಿಯುವ ಮೊದಲೇ ತೀರ್ಮಾನ ಆಗಿತ್ತು.

ಒಂದು ಪುಟ ಮಾತ್ರ ಇನ್ನೂ ಕಾಡುತ್ತದೆ. ಆ ದಿನ ಒಬ್ಬ ಹುಡುಗ ನಮ್ಮ ಸೆಂಟರ್ ಹಾಫ್‌ನಿಂದ ಮೂರು ಸಲ ಬಾಲ್ ಕಸಿದಿದ್ದ. ಅದನ್ನು ನಾನೇ ಬರೆದಿದ್ದೇನೆ. ಪಾಸ್ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಊಹಿಸಿ ಅಲ್ಲಿ ನಿಲ್ಲದಿದ್ದರೆ ಮೂರು ಸಲ ಕಸಿಯಲು ಆಗುವುದಿಲ್ಲ. ಅದು ತಲೆಯ ಕೆಲಸ. ಅದರ ಕೆಳಗೆ ನನ್ನ ಷರಾ: 'ಚುರುಕು ಕಾಲು. ರಿಸರ್ವ್.'

ಇದು ನನ್ನೊಬ್ಬನ ರೋಗ ಎಂದುಕೊಂಡಿದ್ದೆ. ಆಮೇಲೆ ಓದುತ್ತಾ ಹೋದಾಗ ಅಮೆರಿಕದ ಒಂದು ಪ್ರಯೋಗ ಸಿಕ್ಕಿತು. 1997ರದ್ದು. ಜೆಫ್ ಸ್ಟೋನ್ ಮತ್ತು ಅವರ ಸಂಗಡಿಗರು ವಿದ್ಯಾರ್ಥಿಗಳಿಗೆ ಒಂದು ಬಾಸ್ಕೆಟ್‌ಬಾಲ್ ಪಂದ್ಯದ ರೇಡಿಯೊ ಕಾಮೆಂಟರಿ ಕೇಳಿಸಿದರು. ಒಬ್ಬ ಆಟಗಾರನ ಮೇಲೆ ಗಮನ ಇಡಿ ಎಂದು ಹೇಳಿ ಫೋಟೊ ಕೊಟ್ಟರು. ಕೆಲವರಿಗೆ ಕೊಟ್ಟದ್ದು ಬಿಳಿಯನ ಫೋಟೊ, ಕೆಲವರಿಗೆ ಕರಿಯನದು. ಕಾಮೆಂಟರಿ ಮಾತ್ರ ಎಲ್ಲರಿಗೂ ಒಂದೇ. ಆಟಗಾರ ಕರಿಯ ಎಂದುಕೊಂಡವರು, ಅವನಿಗೆ ಮೈಕಟ್ಟಿನ ಬಲ ಜಾಸ್ತಿ ಎಂದರು. ಬಿಳಿಯ ಎಂದುಕೊಂಡವರು, ಅವನು ಬುದ್ಧಿಯಿಂದ ಆಡುತ್ತಾನೆ, ಕಷ್ಟಪಡುತ್ತಾನೆ ಎಂದರು. ಕಿವಿಗೆ ಬಿದ್ದದ್ದು ಒಂದೇ ಆಟ, ಕೇಳಿಸಿದ್ದು ಎರಡು. ನನ್ನ ನೋಟ್‌ಬುಕ್ಕನ್ನೇ ಯಾರೋ ಇಂಗ್ಲಿಷಿಗೆ ತಂದಂತೆ ಅನಿಸಿತು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತೇವೆ. ನನಗೆ ಈ ಗಾದೆಯ ಮೇಲೆ ಸ್ವಲ್ಪ ತಕರಾರಿದೆ. ಕಾಮಾಲೆ ಬಂದವನು ರೋಗಿ, ನಾವು ಆರೋಗ್ಯವಂತರು ಎಂಬ ಸಮಾಧಾನ ಅದರಲ್ಲಿದೆ. ಇದು ಹಾಗಲ್ಲ. ಇದು ಎಲ್ಲರ ಕಣ್ಣು ಕೆಲಸ ಮಾಡುವ ರೀತಿಯೇ.

ಸಂಜೆ ಆರೂವರೆಗೆ ತೋಟದ ದಾರಿಯಲ್ಲಿ ಬರುತ್ತಿದ್ದೀರಿ. ತಿರುವಿನಲ್ಲಿ ಕಪ್ಪಗೆ ಏನೋ ಇದೆ. ಎದೆ ಧಸಕ್ಕೆನ್ನುತ್ತದೆ, ಕಾಲು ನಿಲ್ಲುತ್ತದೆ. ಆಮೇಲೆ ನೋಡಿದರೆ ಬಂಡೆ. ನಿನ್ನೆಯೂ ಅಲ್ಲೇ ಇದ್ದ ಬಂಡೆ! ಮನಸ್ಸು ಪೂರ್ತಿ ನೋಡುವವರೆಗೆ ಕಾಯುವುದಿಲ್ಲ. ಹಳೆಯದನ್ನು ನೆನೆದು ಊಹಿಸಿಬಿಡುತ್ತದೆ. ಬಂಡೆಯನ್ನು ಆನೆ ಎಂದುಕೊಂಡರೆ ನಷ್ಟವೇನಿಲ್ಲ. ಆನೆಯನ್ನು ಬಂಡೆ ಎಂದುಕೊಂಡರೆ ಮನೆಗೆ ಸುದ್ದಿ ಬೇರೆಯವರು ತರಬೇಕಾಗುತ್ತದೆ. ಹಾಗಾಗಿ ಈ ಆತುರದ ಊಹೆ ನಮ್ಮನ್ನು ಕಾಪಾಡಿದೆ. ತೊಂದರೆ ಏನೆಂದರೆ ಅದೇ ಆತುರದಲ್ಲಿ ನಾವು ಮನುಷ್ಯರನ್ನೂ ನೋಡುತ್ತೇವೆ. ಬಂಡೆಯ ವಿಷಯದಲ್ಲಾದರೆ ಎರಡು ಹೆಜ್ಜೆ ಮುಂದೆ ಹೋದಾಗ ತಪ್ಪು ತಿಳಿಯುತ್ತದೆ. ಮನುಷ್ಯರ ಹತ್ತಿರ ಆ ಎರಡು ಹೆಜ್ಜೆ ನಾವು ಇಡುವುದೇ ಇಲ್ಲ.

ಈಗ ಸುಮ್ನೆ ಒಂದು ಸಲ ಕೈ ಎತ್ತಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಜಾಸ್ತಿ ಜನ ಸಾಯುವುದು ಆನೆ ದಾಳಿಯಿಂದಲಾ, ರಸ್ತೆ ಅಪಘಾತದಿಂದಲಾ?

(ಸುಮಾರು ಅರ್ಧ ಜನ ಆನೆಗೆ ಕೈ ಎತ್ತಿದರು. ಕೆಲವರು ಪಕ್ಕದವರನ್ನು ನೋಡಿ ಇಳಿಸಿದರು.)

ರಸ್ತೆ. ಹತ್ತಿರದ ಮಾತೇ ಅಲ್ಲ. ಆದರೆ ಆನೆ ತುಳಿದರೆ ಮೊದಲ ಪುಟದ ಸುದ್ದಿ, ರಸ್ತೆ ತಡೆ, ಅರಣ್ಯ ಇಲಾಖೆಯ ಮುಂದೆ ಧರಣಿ. ಬೈಕ್ ಮರಕ್ಕೆ ಗುದ್ದಿದರೆ ಮೂಲೆಯಲ್ಲಿ ನಾಲ್ಕು ಸಾಲು. ಸುಲಭವಾಗಿ ನೆನಪಿಗೆ ಬರುವುದನ್ನು ನಾವು ಹೆಚ್ಚು ಸಲ ನಡೆಯುವುದು ಎಂದುಕೊಳ್ಳುತ್ತೇವೆ. 1973ರಲ್ಲಿ ಅಮೋಸ್ ಟ್ವೆರ್ಸ್‌ಕಿ ಮತ್ತು ಡೇನಿಯಲ್ ಕಾನ್‌ಮನ್ ಎಂಬ ಮನಃಶಾಸ್ತ್ರಜ್ಞರು ಇದನ್ನು ಪ್ರಯೋಗ ಮಾಡಿ ತೋರಿಸಿದರು. ಇಂಥ ಕೆಲಸಕ್ಕೇ ಕಾನ್‌ಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಟ್ವೆರ್ಸ್‌ಕಿ 1996ರಲ್ಲೇ ತೀರಿಕೊಂಡಿದ್ದರು.

2018ರ ಆಗಸ್ಟ್ ನೆನಪಿದೆಯಲ್ಲ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಬೆಟ್ಟಗಳು ಜಾರಿದವು. ಆಮೇಲೆ ಬೆಂಗಳೂರಿನ ನೆಂಟರೆಲ್ಲ ಫೋನ್ ಮಾಡಿ "ಕೊಡಗು ಪೂರ್ತಿ ಹೋಯ್ತಂತಲ್ಲ" ಎಂದು ಕೇಳಿದರು. ಟಿವಿಯಲ್ಲಿ ಅದೇ ಮನೆ, ಅದೇ ಗುಡ್ಡ ದಿನಕ್ಕೆ ನೂರು ಸಲ ಜಾರಿದರೆ ಪಾಪ ಅವರೇನು ಮಾಡುತ್ತಾರೆ. ಆದರೆ ದಕ್ಷಿಣದ ನಾವು ಬುದ್ಧಿವಂತರಾಗಿದ್ದೆವಾ? ಇಲ್ಲ. "ಅದೆಲ್ಲ ಮಡಿಕೇರಿ ಆಚೆ, ನಮ್ಮ ಕಡೆ ಹಾಗಾಗಲ್ಲ" ಎಂದು ಇದೇ ಊರಿನ ಅಂಗಡಿ ಬಾಗಿಲಲ್ಲಿ ಮಾತಾಡಿಕೊಂಡೆವು. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿಯಿತು. ಅವರು ಟಿವಿ ನೋಡಿ ತಪ್ಪು ತಿಳಿದರು, ನಾವು ಕಿಟಕಿ ನೋಡಿ ತಪ್ಪು ತಿಳಿದೆವು.

ಆಟದ ವಿಷಯಕ್ಕೆ ವಾಪಸ್ ಬರುತ್ತೇನೆ. ಕಾರ್ಯಪ್ಪ, ತಿಮ್ಮಯ್ಯನವರ ಜಿಲ್ಲೆ ಇದು. ಸೈನ್ಯದ ಒಂದು ಕಥೆ ಹೇಳದಿದ್ದರೆ ನೀವು ಬಿಡುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಅಂಕ ಹಾಕುತ್ತಿದ್ದರು. ಮೈಕಟ್ಟಿಗೆ ಬೇರೆ, ಬುದ್ಧಿಗೆ ಬೇರೆ, ನಾಯಕತ್ವಕ್ಕೆ ಬೇರೆ, ನಡತೆಗೆ ಬೇರೆ. ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಃಶಾಸ್ತ್ರಜ್ಞ ಆ ಅಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ 1920ರಲ್ಲಿ ಬರೆದರು. ಒಂದರಲ್ಲಿ ಮೇಲಿದ್ದವನು ಎಲ್ಲದರಲ್ಲೂ ಮೇಲೆ. ನಿಜ ಜೀವನದಲ್ಲಿ ಅಷ್ಟು ಹೊಂದಿಕೆ ಇರಲು ಸಾಧ್ಯವೇ ಇಲ್ಲ. ಎತ್ತರ, ನಿಲುವು, ಒಳ್ಳೆ ಮೀಸೆ ಇದ್ದವನು ಬುದ್ಧಿವಂತನೂ ಆಗಿಬಿಟ್ಟಿದ್ದ. ಮೀಸೆಯ ಮಾತು ನಾನು ಸೇರಿಸಿದ್ದು, ಥಾರ್ನ್‌ಡೈಕ್ ಹೇಳಿದ್ದಲ್ಲ.

ಎತ್ತರದ ಮಾತು ಬಂದದ್ದಕ್ಕೆ ಇನ್ನೊಂದು. ಕೆನಡಾದಲ್ಲಿ ರೋಜರ್ ಬಾರ್ನ್‌ಸ್ಲಿ ಎಂಬ ಮನಃಶಾಸ್ತ್ರಜ್ಞ. ಅವರ ಹಾಕಿ ಮಂಜುಗಡ್ಡೆಯ ಮೇಲಿನದು. ಒಂದು ದಿನ ಪಂದ್ಯ ನೋಡುತ್ತಿದ್ದಾಗ ಆಟಗಾರರ ಪಟ್ಟಿಯಲ್ಲಿನ ಹುಟ್ಟಿದ ತಾರೀಕುಗಳು ಅವರ ಹೆಂಡತಿಯ ಕಣ್ಣಿಗೆ ಬಿದ್ದವಂತೆ. ಜನವರಿ, ಫೆಬ್ರವರಿ, ಮಾರ್ಚ್‌ನವರೇ ಜಾಸ್ತಿ. 1985ರಲ್ಲಿ ಬಾರ್ನ್‌ಸ್ಲಿ ಇದನ್ನು ಲೆಕ್ಕ ಹಾಕಿ ಪ್ರಕಟಿಸಿದರು. ಅಲ್ಲಿ ವಯಸ್ಸಿನ ಗುಂಪು ಜನವರಿ 1ಕ್ಕೆ ಶುರು. ಜನವರಿಯಲ್ಲಿ ಹುಟ್ಟಿದವನು ಡಿಸೆಂಬರ್‌ನವನಿಗಿಂತ ಹತ್ತಿರ ಹತ್ತಿರ ಒಂದು ವರ್ಷ ದೊಡ್ಡವನು. ಒಂಬತ್ತು ವರ್ಷದ ಮಕ್ಕಳಲ್ಲಿ ಅದು ದೊಡ್ಡ ಅಂತರ. ಕೋಚ್‌ಗೆ ಕಾಣುವುದು ವಯಸ್ಸು, ಬರೆದುಕೊಳ್ಳುವುದು ಪ್ರತಿಭೆ. ಆಯ್ಕೆಯಾದವನಿಗೆ ಒಳ್ಳೆ ಮೈದಾನ, ಹೆಚ್ಚು ಅಭ್ಯಾಸ. ಕೊನೆಗೆ ಅವನು ನಿಜವಾಗಿಯೂ ಚೆನ್ನಾಗಿ ಆಡುತ್ತಾನೆ, ಕೋಚ್ ಹೇಳಿದ್ದು ಸರಿಯಾಯಿತು!

ನನ್ನ ಹುಡುಗರದ್ದೂ ಹೀಗೇ ಲೆಕ್ಕ ಹಾಕೋಣ ಎಂದು ಕೂತೆ. ಆಗಲಿಲ್ಲ. ನಮ್ಮ ಶಾಲೆಯ ದಾಖಲೆ ಪ್ರಕಾರ ಅರ್ಧಕ್ಕರ್ಧ ಮಕ್ಕಳು ಹುಟ್ಟಿದ್ದು ಜೂನ್ 1ಕ್ಕೆ. ನಗಬೇಡಿ, ಇಲ್ಲಿ ಕೂತವರಲ್ಲೂ ಎಷ್ಟೋ ಜನ ಜೂನ್ 1ರವರೇ.

ಅಂಪೈರಿಂಗ್ ಕೂಡ ಮಾಡಿದ್ದೇನೆ. ಕಾರ್ಯಪ್ಪನವರ ಜಿಲ್ಲೆ ಎಂದೆ, ಆದರೆ ಹೊರಗಿನವರಿಗೆ ಈಗ ಕೊಡಗು ಎಂದರೆ ಹಾಕಿ ಹಬ್ಬವೂ ಹೌದು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೌಟುಂಬಿಕ ಹಾಕಿ ಶುರು ಮಾಡಿದಾಗ 60 ಮನೆಗಳು ಆಡಿದವು. ಈಗ ಮುನ್ನೂರು ದಾಟಿದೆ. ಅಜ್ಜ, ಮೊಮ್ಮಗಳು ಒಂದೇ ತಂಡದಲ್ಲಿ ಆಡುವ ಹಾಕಿ ಬೇರೆಲ್ಲಿದೆ ಹೇಳಿ. ನಾನು ಸೀಟಿ ಊದಿದ್ದು ಅಲ್ಲಲ್ಲ, ಶಾಲೆಗಳ ಮತ್ತು ಊರಿನ ಸಣ್ಣ ಟೂರ್ನಿಗಳಲ್ಲಿ. ಒಂದು ಫೈನಲ್. ಊರಿನ ತಂಡ ಒಂದು ಕಡೆ, ಹೊರಗಿನದು ಇನ್ನೊಂದು ಕಡೆ. ಊರಿನ ಡಿಫೆಂಡರ್‌ನ ಕಾಲಿಗೆ ಗೋಲ್ ಮುಂದಿನ ಡಿ ಗೆರೆಯೊಳಗೆ ಬಾಲ್ ತಾಗಿತು. ಪೆನಾಲ್ಟಿ ಕಾರ್ನರ್. ಸೀಟಿ ಬಾಯಲ್ಲೇ ಇತ್ತು. ಊದಲಿಲ್ಲ. ಯಾರಿಗೂ ಹೆದರಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆ ಕ್ಷಣ ಬಾಲ್ ಕಾಲಿಗೆ ತಾಗಿದ್ದು ನನಗೆ ಕಾಣಲೇ ಇಲ್ಲ. ರಾತ್ರಿ ಮಲಗಿದಾಗ ಕಂಡಿತು.

ಇಂಗ್ಲೆಂಡಿನಲ್ಲಿ 2002ರಲ್ಲಿ ಅಲನ್ ನೆವಿಲ್ ಮತ್ತಿತರರು 40 ಫುಟ್‌ಬಾಲ್ ರೆಫರಿಗಳಿಗೆ ಒಂದೇ ಪಂದ್ಯದ ವಿಡಿಯೊ ತೋರಿಸಿದರು. ಕೆಲವರಿಗೆ ಜನರ ಕೂಗಾಟದ ಜೊತೆ, ಕೆಲವರಿಗೆ ಶಬ್ದವೇ ಇಲ್ಲದೆ. ಕೂಗಾಟ ಕೇಳಿದವರು ಊರಿನ ತಂಡದ ವಿರುದ್ಧ ಕೊಟ್ಟ ಫೌಲ್ ಸುಮಾರು ಶೇ 15ರಷ್ಟು ಕಡಿಮೆ. ಅವರೆಲ್ಲ ತರಬೇತಾದ ರೆಫರಿಗಳು. ಅವರ ಮುಂದೆ ಇದ್ದದ್ದು ಟಿವಿ, ಕಲ್ಲು ಹೊಡೆಯುವ ಜನವಲ್ಲ. ಇದನ್ನು ಓದಿದ ಮೇಲೆ ನನಗೆ ಸ್ವಲ್ಪ ನಿದ್ದೆ ಬಂತು. ಪೂರ್ತಿ ಅಲ್ಲ.

ಇಷ್ಟು ಹೊತ್ತು ನೋಡುವವರ ಕಣ್ಣಿನ ಬಗ್ಗೆ ಹೇಳಿದೆ. ನೋಡಿಸಿಕೊಳ್ಳುವವರಿಗೆ ಏನಾಗುತ್ತದೆ? ಈ ಭಾಗ ನಿಧಾನವಾಗಿ ಹೇಳಬೇಕು.

ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಸಂಶೋಧಕರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು, ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟು ಕೊಟ್ಟರು. ಬಿಡಿಸಿದಷ್ಟಕ್ಕೆ ದುಡ್ಡು. ಮೇಲ್ಜಾತಿಯವರು, ದಲಿತರು ಇಬ್ಬರೂ ಇದ್ದರು. ಜಾತಿಯ ಪ್ರಸ್ತಾಪ ಇಲ್ಲದಾಗ ಇಬ್ಬರೂ ಸಮಸಮ. ಇನ್ನು ಕೆಲವು ಗುಂಪುಗಳಲ್ಲಿ ಶುರುವಿಗೆ ಮೊದಲು ಪ್ರತಿ ಹುಡುಗನ ಹೆಸರು, ಅಪ್ಪನ ಹೆಸರು, ಜಾತಿ ಎಲ್ಲವನ್ನೂ ಎಲ್ಲರ ಮುಂದೆ ಜೋರಾಗಿ ಓದಿದರು. ಅಷ್ಟೇ. ಬೈಯಲಿಲ್ಲ, ದೂರ ಕೂರಿಸಲಿಲ್ಲ. ದಲಿತ ಹುಡುಗರು ಬಿಡಿಸಿದ ಒಗಟುಗಳು ಶೇ 20ರ ಆಸುಪಾಸು ಕಡಿಮೆಯಾದವು. 2004ರಲ್ಲಿ ಇದರ ವರದಿ ಬಂತು.

ನಾನು ಸೆಲೆಕ್ಷನ್ ದಿನ ಏನು ಮಾಡುತ್ತಿದ್ದೆ ಗೊತ್ತಾ? ಸಾಲಾಗಿ ನಿಲ್ಲಿಸಿ ಜೋರಾಗಿ ಕೇಳುತ್ತಿದ್ದೆ. "ಯಾವ ಮನೆ? ಯಾರ ಮಗ?" ಮನೆ ಹೆಸರು ಹೇಳುವ ಹುಡುಗರು ಎದೆ ಎತ್ತಿ ಹೇಳುತ್ತಿದ್ದರು. ಅವರ ಅಪ್ಪನ ಆಟದ ಬಗ್ಗೆ ನಾನು ಒಂದು ಮಾತು ಸೇರಿಸುತ್ತಿದ್ದೆ. "ನಿನ್ನಪ್ಪ ಎಂಥಾ ರೈಟ್ ಇನ್ ಗೊತ್ತಾ!" ಎಲ್ಲರೂ ನಗುತ್ತಿದ್ದರು. ಆಮೇಲೆ ಲೈನ್‌ನ ಹುಡುಗರ ಸರದಿ. "ಇಂಥ ತೋಟದ ಲೈನ್, ಸಾರ್" ಎಂದು ಸಣ್ಣ ದನಿಯಲ್ಲಿ. ನಾನು ಮುಂದಕ್ಕೆ ಹೋಗುತ್ತಿದ್ದೆ. ಬಾಲ್ ಉರುಳುವ ಮೊದಲೇ ಅವರ ಕಾಲಿಗೆ ಕಲ್ಲು ಕಟ್ಟಿ, ಆಮೇಲೆ ಓಟ ಚೆನ್ನಾಗಿದೆ ಎಂದು ಬರೆಯುತ್ತಿದ್ದೆ.

ಒಳಮನಸ್ಸಿನ ಒಲವನ್ನು ಅಳೆಯುವ ಕಂಪ್ಯೂಟರ್ ಪರೀಕ್ಷೆಯೂ ಇದೆ. ಆಂಥನಿ ಗ್ರೀನ್‌ವಾಲ್ಡ್ ಮತ್ತು ಜೊತೆಯವರು 1998ರಲ್ಲಿ ಪ್ರಕಟಿಸಿದ್ದು. ಇದನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ನಮ್ಮ ಸಿಕಂದರಾಬಾದ್‌ನಲ್ಲಿ ಬೆಳೆದು ಹಾರ್ವರ್ಡ್‌ನಲ್ಲಿ ಪಾಠ ಮಾಡುವ ಮಹಜರೀನ್ ಬಾನಾಜಿ ಮುಖ್ಯರು. ಮಗಳು ಲ್ಯಾಪ್‌ಟಾಪ್‌ನಲ್ಲಿ ನನಗೂ ಮಾಡಿಸಿದಳು. ಒಂದು ವಾರ ಬಿಟ್ಟು ಮಾಡಿದಾಗ ಬೇರೆ ಫಲಿತಾಂಶ ಬಂತು. ಈ ಪರೀಕ್ಷೆಯ ಮೇಲಿರುವ ಟೀಕೆಯೂ ಅದೇ. ಒಬ್ಬನೇ ಮನುಷ್ಯನಿಗೆ ಬೇರೆ ಬೇರೆ ದಿನ ಬೇರೆ ಅಂಕ ಬರುತ್ತದೆ. ಆ ಅಂಕ ನೋಡಿ ಅವನು ನಾಳೆ ಹೇಗೆ ನಡೆದುಕೊಳ್ಳುತ್ತಾನೆ ಎಂದು ಹೇಳುವುದೂ ಕಷ್ಟ. ನನಗೆ ನೋಟ್‌ಬುಕ್ ಸಾಕಾಯಿತು.

ಹಾಗಾದರೆ ಏನು ಮಾಡುವುದು? ಮನಸ್ಸು ಶುದ್ಧ ಮಾಡಿಕೊಳ್ಳಿ ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ನಾನು ಕಾಫಿಯವರಿಂದ ಕಲಿತೆ.

ಕಾಫಿ ರುಚಿ ನೋಡುವವರ ಕೆಲಸ ನೋಡಿದ್ದೀರಲ್ಲ. ಸಾಲಾಗಿ ಕಪ್ ಇಟ್ಟಿರುತ್ತಾರೆ. ಕಪ್‌ನ ಮೇಲೆ ನಂಬರ್ ಮಾತ್ರ. ಯಾವ ತೋಟ, ಯಾರ ಕಾಫಿ, ಅರೇಬಿಕಾನಾ ರೊಬಸ್ಟಾನಾ, ಏನೂ ಬರೆದಿರುವುದಿಲ್ಲ. ಚಮಚದಲ್ಲಿ ಸುರ್ ಎಂದು ಎಳೆದು, ಉಗಿದು, ಅಂಕ ಬರೆಯುತ್ತಾರೆ. ಹೆಸರು ತಿಳಿಯುವುದು ಆಮೇಲೆ. ಅವರ ನಾಲಿಗೆ ನಮ್ಮ ನಾಲಿಗೆಗಿಂತ ನೂರು ಪಾಲು ಚುರುಕು. ಆದರೂ ಅವರು ತಮ್ಮನ್ನು ತಾವು ನಂಬುವುದಿಲ್ಲ! ರೊಬಸ್ಟಾ ಎಂದು ಗೊತ್ತಾದ ಕೂಡಲೇ ನಾಲಿಗೆಗೆ ಒಂದು ಪಾಲು ಕಹಿ ಹೆಚ್ಚು ಹತ್ತುತ್ತದೆ ಎಂದು ಅವರಿಗೆ ಗೊತ್ತು. ಫ್ರಾನ್ಸಿನಲ್ಲಿ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ, ವೈನ್ ಬಗ್ಗೆಯೇ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಕೊಟ್ಟರು. ಕೆಂಪು ವೈನ್‌ಗೆ ಹೇಳುವ ಮಾತುಗಳಲ್ಲೇ ಅವರು ಅದನ್ನು ವರ್ಣಿಸಿದರು. 2001ರಲ್ಲಿ ಪ್ರಕಟವಾದ ಪ್ರಯೋಗ ಅದು. ನಮ್ಮ ಕೊಡಗಿನಲ್ಲಿ ಮನೆಯಲ್ಲೇ ಮಾಡಿದ ವೈನ್ ಮಾರುವವರು ಇದನ್ನು ಕೇಳಿಸಿಕೊಳ್ಳದಿದ್ದರೆ ಒಳ್ಳೆಯದು.

ಶಾಲೆಯ ಕೊನೆಯ ನಾಲ್ಕು ವರ್ಷ, ಅಂದರೆ ನೋಟ್‌ಬುಕ್ ಓದುವ ಮೊದಲೇ, ನಾನು ನಂಬರ್ ಹಾಕಿದ ಬನಿಯನ್ ತಂದಿದ್ದೆ. ನ್ಯಾಯಕ್ಕಾಗಿ ಅಲ್ಲ. ವಯಸ್ಸಾಗಿ ಮಕ್ಕಳ ಹೆಸರು ಮರೆಯುತ್ತಿದ್ದೆ ಅಷ್ಟೇ. ಮುಖ ಗೊತ್ತಿತ್ತಲ್ಲ ಎನ್ನುತ್ತೀರಿ, ನಿಜ. ಹಾಗಾಗಿ ಬೇರೆ ತಾಲ್ಲೂಕಿನ ಒಬ್ಬ ಮೇಷ್ಟ್ರನ್ನು ಕರೆಸಿ ಅವರ ಕೈಗೂ ಒಂದು ಹಾಳೆ ಕೊಡುತ್ತಿದ್ದೆ. ಬಾಲ್ ನಿಲ್ಲಿಸುವುದಕ್ಕೆ ಎಲ್ಲರಿಗೂ ಅಂಕ ಹಾಕಿ ಮುಗಿಸಿ, ಆಮೇಲೆ ಪಾಸ್‌ಗೆ, ಆಮೇಲೆ ಜಾಗ ಹಿಡಿಯುವುದಕ್ಕೆ. ಇಬ್ಬರೂ ಬರೆದು ಮುಗಿಸುವವರೆಗೆ ಮಾತಿಲ್ಲ. ತಂಡವೇನೂ ತಲೆಕೆಳಗಾಗಲಿಲ್ಲ. ವರ್ಷಕ್ಕೆ ಎರಡು ಮೂರು ಹೆಸರು ಬದಲಾದವು. ಆದರೆ ಇನ್ನೊಂದು ಆಯಿತು. ಅದುವರೆಗೆ ಹಾಡಿಯ ಹುಡುಗರನ್ನು ನಾನು ಯಾವಾಗಲೂ ವಿಂಗ್‌ನಲ್ಲಿ ನಿಲ್ಲಿಸುತ್ತಿದ್ದೆ, ಓಡಲಿ ಎಂದು. ಎರಡನೇ ವರ್ಷ ಸೆಂಟರ್ ಹಾಫ್ ಜಾಗಕ್ಕೆ ಇಬ್ಬರ ಹಾಳೆಯಲ್ಲೂ ಒಂದೇ ನಂಬರ್ ಇತ್ತು. ಬನಿಯನ್ ನೋಡಿದರೆ ಹಾಡಿಯ ಹುಡುಗ. ಇಡೀ ತಂಡವನ್ನು ಆಡಿಸುವ ಜಾಗ ಅದು. ಒಂದು ನಿಮಿಷ ನನ್ನ ಪೆನ್ ನಿಂತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಮಾತು ಮುಗಿದ ಮೇಲೆ ಮಾದಾಪುರ ಕಡೆಯ ಬೆಳೆಗಾರರೊಬ್ಬರು ಎದ್ದರು. "ಮೇಷ್ಟ್ರೇ, ಹಾಗಾದ್ರೆ ಅನುಭವಕ್ಕೆ ಬೆಲೆಯೇ ಇಲ್ವಾ? ನಾನು ದೂರದಿಂದ ಅರೇಬಿಕಾ ಗಿಡ ನೋಡಿ ಕಾಂಡಕೊರಕ ಇದೆ ಅಂತ ಹೇಳ್ತೀನಿ. ಯಾವ ನಂಬರೂ ಬೇಡ."

ಒಳ್ಳೆ ಪ್ರಶ್ನೆ. ಅಣ್ಣ, ನೀವು ಹೇಳಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದೆ. "ಕಿತ್ತು ಸೀಳಿ ನೋಡ್ತೀವಿ. ಹುಳ ಇದ್ದರೆ ಸುಡ್ತೀವಿ" ಎಂದರು. ಅದೇ ವ್ಯತ್ಯಾಸ. ಕಾಂಡದ ಮೇಲೆ ಏಣು ಎದ್ದದ್ದು, ಎಲೆ ಹಳದಿಯಾದದ್ದು ನೋಡಿ ಊಹಿಸಿದಿರಿ. ಸೀಳಿದಾಗ ಸರಿಯೋ ತಪ್ಪೋ ಅಲ್ಲೇ ತಿಳಿಯಿತು. ಮೂವತ್ತು ವರ್ಷ ಹೀಗೆ ಸಾವಿರಾರು ಸಲ ತಿದ್ದಿಸಿಕೊಂಡ ಕಣ್ಣು ಅದು. ಕಾನ್‌ಮನ್ ಮತ್ತು ಗ್ಯಾರಿ ಕ್ಲೈನ್ 2009ರಲ್ಲಿ ಇದನ್ನೇ ಬರೆದರು. ಕ್ಲೈನ್ ಅನುಭವಿಗಳ ಊಹೆಯನ್ನು ಮೆಚ್ಚುವವರು, ಕಾನ್‌ಮನ್ ಅನುಮಾನಿಸುತ್ತಿದ್ದವರು. ಇಬ್ಬರೂ ಕೂತು ಮಾತಾಡಿ ಒಪ್ಪಿದ್ದು ಇಷ್ಟು: ತಪ್ಪು ಬೇಗ ತಿಳಿಯುವ ಕೆಲಸದಲ್ಲಿ ಅನುಭವದ ಊಹೆಯನ್ನು ನಂಬಬಹುದು. ನಾನು ಬಿಟ್ಟ ಹುಡುಗ ಆಡಿದ್ದರೆ ಏನಾಗುತ್ತಿದ್ದ ಎಂದು ನನಗೆ ಯಾರೂ ತಂದು ತೋರಿಸಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಕಾಂಡ ಸೀಳಿ ನೋಡಲಿಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಕೇಳಿದರು. ಮಳೆಯಲ್ಲಿ ಎರಡು ಸಲ ಹೇಳಬೇಕಾಯಿತು. "ಸಾರ್, ಮೂರು ಸಲ ಬಾಲ್ ಕಸಿದ ಆ ಹುಡುಗ ಈಗ ಎಲ್ಲಿದ್ದಾನೆ?"

ನೋಟ್‌ಬುಕ್ ಚೀಲದಲ್ಲೇ ಇತ್ತು. ತೆಗೆದು ಆ ಪುಟ ತೋರಿಸಿದೆ. ಮೇಲಿನ ಹನ್ನೊಂದು ಸಾಲಿನಲ್ಲಿ ಮನೆ ಹೆಸರು, ಹುಡುಗನ ಹೆಸರು, ಅಪ್ಪನ ಹೆಸರು. ಅವನ ಸಾಲಿನಲ್ಲಿ 'ಲೈನ್ ಹುಡುಗ, 2' ಎಂದಿದೆ. ಆ ವರ್ಷ ಲೈನ್‌ನಿಂದ ಐದಾರು ಹುಡುಗರು ಬಂದಿದ್ದರು. ಅವರ ಹೆಸರು ಶಾಲೆಯ ಹಾಜರಿಯಲ್ಲಿ ಸಿಗಬಹುದು. ಅದರಲ್ಲಿ ಯಾರು 1, ಯಾರು 2 ಎಂದು ಹೇಳುವವರು ಈಗ ಯಾರೂ ಇಲ್ಲ. ಮುಖ ನೆನಪಿದೆ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಅದು ಇನ್ನೊಬ್ಬನದ್ದೂ ಇರಬಹುದು.